ಅಗ್ಗದ ಜಮಖಾನಕ್ಕೆ ಇಳಕಲ್ ಸೀರೆಯ ದಡಿ

ಸಂತೆಯಲ್ಲೋ ರಸ್ತೆ ಬದಿಯ ರಾಶಿಯಲ್ಲೋ ಕೊಂಡ ಹತ್ತಿಯ ಜಮಖಾನ ಹಾಳಾಗತೊಡಗುವುದು ನಡುವಿನಿಂದಲ್ಲ, ಅಂಚಿನಿಂದ. ಎರಡೂ ತುದಿಗಳಲ್ಲಿ ಉದ್ದಕ್ಕೆ ಹೋಗುವ ಹಾಸಿನ ನೂಲನ್ನು ಕತ್ತರಿಸಿ, ಹೆಸರಿಗೊಂದು ಹೊಲಿಗೆ ಹಾಕಿ ಬಿಟ್ಟಿರುತ್ತಾರೆ. ದಿನವೂ ಕಸಬರಿಗೆ ತಾಗಿದಂತೆಲ್ಲ ಅಡ್ಡಕ್ಕೆ ನೇಯ್ದ ಹೊಕ್ಕಿನ ಎಳೆಗಳು ಒಂದೊಂದಾಗಿ ಜಾರಿ ಹೊರಬರುತ್ತವೆ. ಆದ್ದರಿಂದ ಇಂಥ ಜಮಖಾನಕ್ಕೆ ಯಾವ ಅಲಂಕಾರದ ಪಟ್ಟಿಯನ್ನು ಹಚ್ಚಿದರೂ ಅದು ಮೊದಲು ಅಂಚನ್ನು ಭದ್ರವಾಗಿ ಹಿಡಿದು ನಿಲ್ಲಿಸಬೇಕು. ಚೆಂದ ಆಮೇಲಿನ ಮಾತು. ಈ ಎರಡೂ ಕೆಲಸಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವುದು ಹಳೆಯ ಇಳಕಲ್ ಸೀರೆಯ ದಡಿಯನ್ನು ಮತ್ತು ಅದರ ಕೆಳಗೆ ಕೊಡುವ ಹತ್ತಿಯ ನವಾರವನ್ನು, ಅಂದರೆ ಮಂಚಕ್ಕೆ ಹೆಣೆಯುವಂಥ ದಪ್ಪ ಪಟ್ಟಿಯನ್ನು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಗಳಲ್ಲಿ ಒಡಲು ಹತ್ತಿಯದಾಗಿದ್ದು, ದಡಿ ಮತ್ತು ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುವುದು ಬಹಳ ಕಾಲದ ವಾಡಿಕೆ. ಹೀಗಾಗಿ ಒಡಲು ಮಾಸಿ, ಮುಟ್ಟಿದರೆ ಪಿಸಿಯುವಂತಾದ ಮೇಲೂ ದಡಿ ಗಟ್ಟಿಯಾಗಿ, ಬಣ್ಣಗೆಡದೆ ಉಳಿದಿರುವುದು ಎಷ್ಟೋ ಸೀರೆಗಳಲ್ಲಿ ಕಾಣಸಿಗುತ್ತದೆ. ಗೋಮಿ, ಚಿಕ್ಕಿ ಮುಂತಾದ ದಡಿಗಳ ಸಣ್ಣ ಸಣ್ಣ ನೇಯ್ಗೆಯ ಸಾಲುಗಳು ಪಟ್ಟೆ ಪಟ್ಟೆಯ ಜಮಖಾನದ ಪಕ್ಕದಲ್ಲಿ ಪರಕೀಯವಾಗಿ ಕಾಣುವುದಿಲ್ಲ. ಕೌದಿಗೆಂದು ಕಟ್ಟಿಟ್ಟ ಹಳೆಯ ಸೀರೆಗಳ ಗಂಟಿನಲ್ಲಿ ಹುಡುಕಿದರೆ ಇಂಥದ್ದೊಂದು ಸಿಕ್ಕೀತು. ಆದರೆ ಅಜ್ಜಿಯ ಸೀರೆಯಾಗಿದ್ದರೆ ಅವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಕತ್ತರಿ ಹಾಕಬೇಕು. ಜರಿಯ ದಡಿಯನ್ನು ಮಾತ್ರ ಈ ಕೆಲಸಕ್ಕೆ ಬಳಸಬಾರದು, ಏಕೆಂದರೆ ಕಾಲಿನ ಉಜ್ಜಾಟಕ್ಕೆ ಜರಿಯ ಎಳೆ ಬಿಚ್ಚಿಕೊಂಡು ಅಂಗಾಲಿಗೆ ಚುಚ್ಚುತ್ತದೆ. ಅದನ್ನು ದಿವಾನದ ಹೊದಿಕೆಗೋ ಗೋಡೆಗೆ ತೂಗುಹಾಕುವ ಬಟ್ಟೆಗೋ ಇಟ್ಟುಕೊಳ್ಳುವುದು ಒಳ್ಳೆಯದು.

ಅಳತೆಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. 4 ಅಡಿ ಅಗಲ, 6 ಅಡಿ ಉದ್ದದ ಜಮಖಾನದ ಸುತ್ತಳತೆ 20 ಅಡಿ, ಅಂದರೆ ಸುಮಾರು 6.1 ಮೀಟರ್. ಪ್ರತಿ ಬದಿಗೂ 4 ಇಂಚು ಹೆಚ್ಚುವರಿ ಇಟ್ಟುಕೊಂಡು, ನೀರಿಗೆ ಹಾಕಿದಾಗ ಕುಗ್ಗುವುದನ್ನೂ ಸೇರಿಸಿದರೆ 7 ಮೀಟರ್ ನವಾರ ಬೇಕಾಗುತ್ತದೆ. 2 ಇಂಚು ಅಗಲದ್ದು ಸಾಕು. 6 ಗಜದ ಸೀರೆಯ ಎರಡು ದಡಿಗಳನ್ನು ಸೇರಿಸಿದರೆ ಸುಮಾರು 11 ಮೀಟರ್ ಆಗುವುದರಿಂದ ಸವೆದ ಭಾಗಗಳನ್ನು ಧಾರಾಳವಾಗಿ ಬಿಟ್ಟುಬಿಡಬಹುದು. ಆಯ್ಕೆ ಮಾಡುವಾಗ ದಡಿಯನ್ನು ಬೆಳಕಿಗೆ ಹಿಡಿದು ನೋಡಬೇಕು: ನೆಲಕ್ಕೆ ತಾಗುತ್ತಿದ್ದ ಕೆಳಗಿನ ದಡಿಯ ಹೊರ ಅಂಚು ಹಲವೆಡೆ ಹಿಂಜಿದಂತಾಗಿ, ಹಿಮ್ಮಡಿ ತುಳಿದಲ್ಲಿ ಜಾಳಾಗಿ ಕಾಣುತ್ತದೆ, ಸೊಂಟಕ್ಕೆ ಸಿಕ್ಕಿಸುತ್ತಿದ್ದ ಮೇಲಿನ ದಡಿ ಸಾಮಾನ್ಯವಾಗಿ ಒಳ್ಳೆಯ ಸ್ಥಿತಿಯಲ್ಲಿರುತ್ತದೆ. ದಡಿಯನ್ನು ಬಿಡಿಸುವಾಗ ಒಡಲಿನ ಬಟ್ಟೆಯನ್ನು ಅರ್ಧ ಇಂಚು ಸೇರಿಸಿಯೇ ಕತ್ತರಿಸಬೇಕು. ಒಳಮಡಿಕೆಗೆ ಅದು ಬೇಕಾಗುತ್ತದೆ.

ಹೊಲಿಗೆಗೆ ಮುಂಚೆ ಜಮಖಾನ, ನವಾರ ಮತ್ತು ದಡಿ ಮೂರನ್ನೂ ಬೇರೆ ಬೇರೆಯಾಗಿ ತಣ್ಣೀರಿನಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸುವುದನ್ನು ಯಾವ ಕಾರಣಕ್ಕೂ ಬಿಡಬಾರದು. ಹೊಸ ನವಾರವಾಗಲಿ ಅಗ್ಗದ ಜಮಖಾನವಾಗಲಿ ಮೊದಲ ಒಗೆತದಲ್ಲಿ ಕುಗ್ಗುತ್ತವೆ, ಹಲವು ಸಲ ಒಗೆದ ಹಳೆಯ ದಡಿ ಕುಗ್ಗುವುದಿಲ್ಲ. ಹಾಗೆಯೇ ಹೊಲಿದುಬಿಟ್ಟರೆ ಮುಂದೆ ಒಗೆದಾಗ ಅಂಚೆಲ್ಲ ಸುಕ್ಕುಗಟ್ಟುತ್ತದೆ. ಒದ್ದೆಯ ಬಿಳಿ ಬಟ್ಟೆಯಿಂದ ಉಜ್ಜಿ, ಬಣ್ಣ ಬಿಡುತ್ತದೆಯೇ ಎಂದು ಇದೇ ಹೊತ್ತಿನಲ್ಲಿ ಪರೀಕ್ಷಿಸಬೇಕು. ಬಣ್ಣ ಬಿಡುವ ಜಮಖಾನವನ್ನು ನೀರು ತಿಳಿಯಾಗುವವರೆಗೆ ಜಾಲಿಸಬೇಕಾಗುತ್ತದೆ. ಒದ್ದೆ ಜಮಖಾನವನ್ನು ತಂತಿಯ ಮೇಲೆ ತೂಗಿಬಿಟ್ಟರೆ ತನ್ನ ಭಾರಕ್ಕೇ ಎಳೆದುಕೊಂಡು ಸೊಟ್ಟಗಾಗುವುದರಿಂದ ನೆರಳಿರುವ ಕಟ್ಟೆಯ ಮೇಲೋ ಚಾಪೆಯ ಮೇಲೋ ಹರಡಿ ಒಣಗಿಸಬೇಕು.

ಒಣಗಿದ ಮೇಲೆ ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಎರಡೂ ಕರ್ಣಗಳನ್ನು ಅಳೆದು ನೋಡಬೇಕು. ಅಗ್ಗದ ಜಮಖಾನದಲ್ಲಿ ಅವು ಸಮವಾಗಿರುವುದು ಅಪರೂಪ. ಅರ್ಧ ಇಂಚಿನ ವ್ಯತ್ಯಾಸವನ್ನು ದಡಿಯೇ ಮುಚ್ಚಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿದ್ದು ಅಂಚನ್ನು ಕತ್ತರಿಸಲೇಬೇಕಾದರೆ, ಕತ್ತರಿಸುವ ಗೆರೆಯ ಒಳಗಡೆ ಒತ್ತೊತ್ತಾಗಿ ಎರಡು ಸಾಲು ಹೊಲಿಗೆ ಹಾಕಿದ ನಂತರವೇ ಕತ್ತರಿ ಆಡಿಸಬೇಕು.

ಈಗ ಮುಖ್ಯ ಕೆಲಸ. ದಡಿ ಮತ್ತು ನವಾರವನ್ನು ಪ್ರತಿ ಬದಿಗೂ ಒಂದೊಂದರಂತೆ ನಾಲ್ಕು ತುಂಡುಗಳಾಗಿ ಮಾಡಿಕೊಂಡು, ದಡಿಯ ಹೊರ ಅಂಚನ್ನು ನವಾರದ ಒಂದು ಅಂಚಿಗೆ ಸರಿಯಾಗಿ ಕೂಡಿಸಿ, ಅಂಚಿನಿಂದ ಕಾಲು ಇಂಚು ಒಳಗೆ ಉದ್ದಕ್ಕೂ ಒಂದು ಹೊಲಿಗೆ ಹಾಕಬೇಕು. ಆಗ ಅದು ಪುಸ್ತಕದ ರಟ್ಟಿನಂತೆ ಒಂದು ಕಡೆ ಕೂಡಿಕೊಂಡು ಇನ್ನೊಂದು ಕಡೆ ತೆರೆದಿರುತ್ತದೆ. ಜಮಖಾನದ ಅಂಚನ್ನು ಈ ಸಂದಿಯೊಳಗೆ, ಹೊಲಿಗೆಗೆ ತಾಗುವವರೆಗೆ ತೂರಿಸಬೇಕು. ದಡಿ ಮೇಲೆ ಬರುತ್ತದೆ, ನೆಲದ ಉಜ್ಜಾಟವನ್ನು ತಾಳಿಕೊಳ್ಳುವ ನವಾರ ಕೆಳಗೆ ಹೋಗುತ್ತದೆ.

ಜಮಖಾನವನ್ನು ನೆಲದ ಮೇಲೆ ಪೂರ್ತಿ ಹರಡಿಕೊಂಡೇ ಇದನ್ನು ಮಾಡಬೇಕು, ಮಡಿಲಲ್ಲಿಟ್ಟುಕೊಂಡಲ್ಲ. ಪಟ್ಟಿಯನ್ನು ಎಳೆದು ಹೊಲಿದರೆ ಜಮಖಾನದ ಅಂಚು ಮೇಲಕ್ಕೆ ಮುದುಡುತ್ತದೆ, ಸಡಿಲ ಬಿಟ್ಟರೆ ಅಲೆಯಲೆಯಾಗುತ್ತದೆ. ಎರಡೂ ಕಾಲಿಗೆ ತೊಡರುತ್ತವೆ. ಅಡಿಗೊಂದರಂತೆ ಎರಡರ ಮೇಲೂ ಸೀಮೆಸುಣ್ಣದ ಗುರುತು ಮಾಡಿ, ಗುರುತಿಗೆ ಗುರುತು ಕೂಡಿಸಿ, ಬದಿಯ ನಡುವಿನಿಂದ ಆರಂಭಿಸಿ ಮೂಲೆಗಳ ಕಡೆಗೆ ಸಾಗುವುದು ನಂಬಬಹುದಾದ ಕ್ರಮ. ಇಷ್ಟು ದಪ್ಪಕ್ಕೆ ಗುಂಡುಪಿನ್ನು ಬಾಗುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ವಾಸಿ. ನಂತರ ದಡಿಯ ಒಳ ಅಂಚನ್ನು ಒಳಕ್ಕೆ ಮಡಚಿ, ಉದ್ದಕ್ಕೂ ಕಚ್ಚಾ ಹೊಲಿಗೆ ಹಾಕಿಕೊಂಡರೆ ಕ್ಲಿಪ್ಪುಗಳನ್ನು ತೆಗೆಯಬಹುದು.

ಪಕ್ಕಾ ಹೊಲಿಗೆ ಎರಡು ಸಾಲು ಬೇಕು: ಹೊರ ಅಂಚಿನಿಂದ ಒಂದೂವರೆ ಇಂಚು ಒಳಗೆ, ದಡಿ, ಜಮಖಾನ, ನವಾರ ಮೂರನ್ನೂ ದಾಟುವ ಒಂದು ಸಾಲು, ದಡಿಯ ಒಳಮಡಿಕೆಯ ಮೇಲೆ ಇನ್ನೊಂದು. ಮನೆಯ ಮಷಿನ್‌ನಲ್ಲಾದರೆ 18ನೇ ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು 4 ಮಿಲಿಮೀಟರಿಗೆ ಇಟ್ಟು, ಜಮಖಾನದ ಉಳಿದ ಭಾಗವನ್ನು ಸುರುಳಿ ಸುತ್ತಿ ಪಕ್ಕದ ಮೇಜಿನ ಮೇಲೆ ಆನಿಸಿಕೊಂಡು ನಿಧಾನವಾಗಿ ಹೊಲಿಯಬೇಕು. ಮಷಿನ್ ಮುಕ್ಕರಿಸಿದರೆ ಅದನ್ನು ದಂಡಿಸದೆ, ಬ್ಯಾಗು ಹೊಲಿಯುವವರ ಹತ್ತಿರ ಒಯ್ದುಕೊಟ್ಟರೆ ಅವರ ದಪ್ಪ ಕೆಲಸದ ಮಷಿನ್‌ನಲ್ಲಿ ಬೇಗ ಮುಗಿಯುತ್ತದೆ. ಆದರೂ ಒಳಮಡಿಕೆಯ ಸಾಲನ್ನು ಕೈಯಲ್ಲೇ ಹಾಕಬೇಕೆಂಬುದು ನನ್ನ ಆಗ್ರಹ. ಕೌದಿಯ ಮೇಲೆ ಕಾಣುವ ಸಣ್ಣ ಓಟದ ಹೊಲಿಗೆಯನ್ನೇ ದಪ್ಪ ಬಿಳಿ ದಾರದಲ್ಲಿ, ಕಾಲು ಇಂಚಿಗೊಂದರಂತೆ ಸಮನಾಗಿ ಎತ್ತಿದರೆ, ಕೆಂಪು ದಡಿಯ ಪಕ್ಕದಲ್ಲಿ ಆ ಬಿಳಿಯ ಸಾಲು ತಾನೇ ಒಂದು ಅಲಂಕಾರವಾಗುತ್ತದೆ. ಇದಕ್ಕೆ ಕೌದಿ ಹೊಲಿಯುವ ಸೂಜಿಯೇ ಸರಿ, ದಬ್ಬಳ ರೇಷ್ಮೆಯಲ್ಲಿ ತೂತು ಉಳಿಸುತ್ತದೆ. ದಾರವನ್ನು ಮೇಣದ ಬತ್ತಿಯ ಮೇಲೆ ಒಮ್ಮೆ ಎಳೆದುಕೊಂಡರೆ ಗಂಟು ಬೀಳುವುದು ಕಡಿಮೆ.

ಮೂಲೆಯಲ್ಲಿ ಓರೆಯಾಗಿ ಮಡಚುವುದು ನೋಡಲು ಚೆಂದವಾದರೂ ನವಾರ ಇರುವಲ್ಲಿ ಪದರ ಹೆಚ್ಚಾಗಿ ಗಡ್ಡೆ ಕಟ್ಟುತ್ತದೆ. ಅದಕ್ಕಾಗಿ ಉದ್ದದ ಬದಿಗಳನ್ನು ಮೊದಲು ಮುಗಿಸಿ, ಅವುಗಳ ತುದಿಗಳು ಅಗಲದ ಬದಿಯ ಪಟ್ಟಿಯೊಳಗೆ ಅಡಗುವಂತೆ ಮಾಡಬೇಕು. ಅಗಲದ ಬದಿಯ ನವಾರವನ್ನು ಸರಿಯಾದ ಅಳತೆಗೆ ಕತ್ತರಿಸಿ, ಅದರ ತುದಿಗೆ ಕಾಜಾ ಹೊಲಿಗೆ ಹಾಕಿ, ದಡಿಯನ್ನಷ್ಟೇ ಅದರ ಮೇಲೆ ಮಡಚಿ ಹೊಲಿದರೆ ಮೂಲೆ ಚಪ್ಪಟೆಯಾಗಿ ಕೂರುತ್ತದೆ.

ಕುಚ್ಚು ಬೇಕೆನ್ನುವವರು ಸೀರೆಗೆ ಕಟ್ಟುವ ರೇಷ್ಮೆ ಕುಚ್ಚಿನ ಬದಲು ದಪ್ಪ ಹತ್ತಿಯ ದಾರದಿಂದ 2 ಇಂಚು ಉದ್ದದ ಗಿಡ್ಡ ಕುಚ್ಚುಗಳನ್ನು ಮಾಡಿ, ಅಗಲದ ಬದಿಗಳಿಗೆ ಮಾತ್ರ ಕಟ್ಟಿಕೊಳ್ಳಲಿ. ವಯಸ್ಸಾದವರು ಓಡಾಡುವ ದಾರಿಯಲ್ಲಿ ಹಾಸುವುದಾದರೆ ಕುಚ್ಚು ಬೇಡವೇ ಬೇಡ.

ಪ್ಲಾಸ್ಟಿಕ್ ನೂಲಿನ ಕಾರ್ಪೆಟ್‌ಗೂ ಇದೇ ಕ್ರಮದಲ್ಲಿ ದಡಿ ಹಚ್ಚಬಹುದು, ಆದರೆ ಇಸ್ತ್ರಿಪೆಟ್ಟಿಗೆ ಸೋಕಿದರೆ ಅದು ಕರಗುತ್ತದೆ. ಅಂಟಿನ ಮೇಲೆ ನನಗೆ ಭರವಸೆಯಿಲ್ಲ. ಬಿಸಿ ಅಂಟು ಒಣಗಿದ ಮೇಲೆ ಗಡುಸಾಗಿ ಅಂಚು ಬಾಗದಂತಾಗುತ್ತದೆ, ಒಗೆದಾಗ ಅಲ್ಲಲ್ಲಿ ಬಿಟ್ಟುಕೊಳ್ಳುತ್ತದೆ. ಮನೆಯಲ್ಲಿ ನವಲಗುಂದದ ಜಮಖಾನವೇನಾದರೂ ಇದ್ದರೆ ಅದಕ್ಕೆ ಏನನ್ನೂ ಹಚ್ಚಬಾರದು. ಧಾರವಾಡ ಜಿಲ್ಲೆಯ ಆ ಊರಿನ ಹೆಣ್ಣುಮಕ್ಕಳು ನವಿಲು, ಪಗಡೆಯ ಹಾಸುಗಳನ್ನು ಕೈಯಲ್ಲೇ ನೇಯ್ದು ಅಂಚನ್ನೂ ಸೇರಿಸಿಯೇ ಚಿತ್ತಾರ ಮಾಡಿರುತ್ತಾರೆ.

ಟೈಲ್ಸ್ ಅಥವಾ ಗಾರೆಯ ನುಣುಪು ನೆಲದ ಮೇಲೆ ಹಾಸುವಾಗ ಅಡಿಯಲ್ಲಿ ಜಾರದಂತೆ ಹಿಡಿಯುವ ರಬ್ಬರಿನ ಜಾಲರಿ ಇಡಬೇಕು. ಒಗೆಯುವಾಗ ಅಂಚಿಗೆ ಬ್ರಷ್ ಹಾಕದೆ ಅಂಗೈಯಿಂದ ತಿಕ್ಕಬೇಕು. ಕಾಲಾಂತರದಲ್ಲಿ ಬಾಗಿಲ ಕಡೆಯ ದಡಿ ಉಳಿದವಕ್ಕಿಂತ ಬೇಗ ಸವೆಯುತ್ತದೆ. ನಾಲ್ಕು ಬದಿಗಳನ್ನೂ ಬೇರೆ ಬೇರೆ ತುಂಡುಗಳಾಗಿ ಹೊಲಿದಿರುವುದರಿಂದ ಆ ಒಂದು ಬದಿಯನ್ನಷ್ಟೇ ಬಿಚ್ಚಿ, ಸೀರೆಯಲ್ಲಿ ಉಳಿದ ದಡಿಯಿಂದ ಹೊಸ ತುಂಡು ಹಚ್ಚಬಹುದು.