ಆಫೀಸಿನಲ್ಲಿ ಸೈಟ್ ಬ್ಲಾಕ್ ಆಗಿದ್ದರೆ ಹೀಗೆ ತೆಗೆಸಿಕೊಳ್ಳಿ

ಬಳ್ಳಾರಿಯ ಒಂದು ಜೀನ್ಸ್ ಕಂಪನಿಯಲ್ಲಿ ನನ್ನ ಕೆಲಸ. ಡಿಸೈನ್ ಫೈಲುಗಳನ್ನು ಪಾರ್ಟಿಗಳು ವೀಟ್ರಾನ್ಸ್‌ಫರ್‌ನಲ್ಲಿ ಕಳಿಸುತ್ತಾರೆ. ದೊಡ್ಡ ಫೈಲ್ ಕಳಿಸುವ ಆ ಸೈಟ್ ನಮ್ಮಲ್ಲಿ ಬ್ಲಾಕ್. ಲಿಂಕಿಗೆ ಕೆಲವೇ ದಿನ ಆಯುಸ್ಸು, ಕೆಳಗೆ ಕಟಿಂಗ್ ಮಾಸ್ಟರ್ ಕಾಯುತ್ತಿರುತ್ತಾರೆ. ಒಮ್ಮೆ ತಾಳ್ಮೆ ಕೆಟ್ಟು ಬ್ರೌಸರಿಗೆ ಪುಕ್ಕಟೆ ವಿಪಿಎನ್ ಹಾಕಿಕೊಂಡೆ, ಅಂದರೆ ನಮ್ಮ ಇಂಟರ್ನೆಟ್ಟನ್ನು ಬೇರೆ ಕಡೆಯ ಸರ್ವರ್ ಮೂಲಕ ಸುತ್ತಿಸಿ ಬ್ಲಾಕ್ ದಾಟಿಸುವ ಸಾಧನ. ಫೈಲ್ ಬಂತು. ಅರ್ಧ ಗಂಟೆಯಲ್ಲಿ ಆಫೀಸ್ ಮೇಲ್ ಲಾಕ್ ಆಯಿತು! ಐಟಿ ಹುಡುಗ ಬಂದು ಕೇಳಿದ: "ಏನ್ ಮೇಡಂ, ನೆದರ್‌ಲ್ಯಾಂಡ್ಸ್‌ನಾಗ ಕುಂತು ಕೆಲಸ ಮಾಡ್ತಿದೀರೇನು?"

ವಿಪಿಎನ್ ಹಾಕಿದರೆ ನಮ್ಮ ಲಾಗಿನ್ ಬೇರೆ ದೇಶದಿಂದ ಬಂದಂತೆ ಕಾಣುತ್ತದೆ. ಮೇಲ್ ಅದನ್ನು ಕಳ್ಳ ಅಂದುಕೊಂಡಿತ್ತು. ಅದಕ್ಕಿಂತ ಜಾಸ್ತಿ ನಾಚಿಕೆಯಾದದ್ದು ಆಮೇಲೆ. ಹಾಕುವಾಗ ಆ ವಿಪಿಎನ್ ಎಲ್ಲ ಸೈಟುಗಳ ಡೇಟಾ ಓದುವುದಕ್ಕೆ, ಬದಲಿಸುವುದಕ್ಕೆ ಒಪ್ಪಿಗೆ ಕೇಳಿತ್ತು. ನಾನು ಸುಮ್ನೆ ಒತ್ತಿದ್ದೆ.

ಈಗ ನಾನು ಮಾಡುವುದು ಇಷ್ಟು. ಬ್ಲಾಕ್ ಆದ ಪುಟವನ್ನು ಮುಚ್ಚುವ ಮುಂಚೆ ಓದುತ್ತೇನೆ. ನಮ್ಮಲ್ಲಿ "ಫೈಲ್ ಶೇರಿಂಗ್" ಅಂತ ಬರುತ್ತದೆ. ಅಂದರೆ ಯಾರೋ ನನ್ನ ಮೇಲೆ ಹಗೆ ಸಾಧಿಸುತ್ತಿಲ್ಲ, ಆ ಜಾತಿಯ ಸೈಟುಗಳೆಲ್ಲ ಒಟ್ಟಿಗೆ ಬಂದ್. ಅದರ ಸ್ಕ್ರೀನ್‌ಶಾಟ್ ತೆಗೆದು ಐಟಿಗೆ ಮೇಲ್, ಮ್ಯಾನೇಜರಿಗೆ ಸಿಸಿ. "ಸೈಟ್ ಓಪನ್ ಮಾಡಿ" ಅಂತಷ್ಟೇ ಬರೆದರೆ ಮೇಲ್ ಅಲ್ಲೇ ಕೊಳೆಯುತ್ತದೆ. ಹೀಗೆ ಬರೆಯಿರಿ:

"ಸ್ಯಾಂಪಲ್ ವಿಭಾಗದ ಒಂದು ಕಂಪ್ಯೂಟರಿಗೆ ಮಾತ್ರ ಈ ಸೈಟ್ ಬೇಕು. ಪಾರ್ಟಿಯ ಡಿಸೈನ್ ಡೌನ್‌ಲೋಡ್ ಮಾಡಲು. ಅಪ್‌ಲೋಡ್ ಬೇಡ. ಈ ಆರ್ಡರ್ ಮುಗಿಯುವ ತನಕ ಸಾಕು. ಲಿಂಕ್ ಶುಕ್ರವಾರ ಮುಗಿಯುತ್ತದೆ."

ಯಾವ ಕಂಪ್ಯೂಟರ್, ಏಕೆ, ಎಷ್ಟು ದಿನ. ಇಷ್ಟಿದ್ದರೆ ಅವರಿಗೂ ಮೇಲಿನವರ ಒಪ್ಪಿಗೆ ಪಡೆಯುವುದು ಸುಲಭ. ಆಗಲ್ಲ ಅಂದರೆ ಜಗಳಕ್ಕೆ ನಿಲ್ಲಬೇಡಿ, "ಹಾಗಾದ್ರೆ ಈ ಫೈಲ್ ಹೇಗೆ ತರಿಸಲಿ?" ಅಂತ ಕೇಳಿ. ನನಗೆ ಮೊದಲ ಸಲ ಐಟಿಯವರೇ ತಮ್ಮ ಸಿಸ್ಟಮ್‌ನಲ್ಲಿ ಇಳಿಸಿ, ವೈರಸ್ ಚೆಕ್ ಮಾಡಿ ಕೊಟ್ಟರು.

ಆಫೀಸ್ ಲ್ಯಾಪ್‌ಟಾಪಿಗೆ ಮೊಬೈಲ್ ಹಾಟ್‌ಸ್ಪಾಟ್ ಕೊಡುವುದೂ ಗೋಡೆ ಹಾರಿದಂತೆಯೇ, ವಿಪಿಎನ್ ಅಲ್ಲವಲ್ಲ ಅಂದುಕೊಳ್ಳಬೇಡಿ. ಕ್ರಿಕೆಟ್ ಸ್ಕೋರಿಗೆ ಮಾತ್ರ ಮೇಲ್ ಬರೆಯಬೇಡಿ. ಊಟದ ಹೊತ್ತಿನಲ್ಲಿ ನಿಮ್ಮ ಫೋನು, ನಿಮ್ಮ ಡೇಟಾ ಇದೆ ಅಲ್ವಾ?