ಮೀಟರಿನ ಕೆಂಪು ದೀಪ ಎಣಿಸಿ, ಆಮೇಲೆ ಸೋಲಾರ್ ಮಾತಾಡೋಣ

ತುಮಕೂರಿನಲ್ಲಿ ವೈರಿಂಗ್ ಕೆಲಸ ಮಾಡಿಕೊಂಡು 23 ವರ್ಷ ಆಯಿತು. ಮೊದಲೆಲ್ಲ ಜನ ಕರೆಯುತ್ತಿದ್ದದ್ದು ಫ್ಯೂಸ್ ಹೋದಾಗ, ಸ್ವಿಚ್ಚು ಸುಟ್ಟಾಗ. ಈಗ ಕೆಲಸ ಮುಗಿಸಿ ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಒಂದು ಪ್ರಶ್ನೆಯೂ ಬರುತ್ತದೆ. "ಅಣ್ಣಾ, ಸೋಲಾರ್ ಹಾಕಿಸಿಬಿಡೋಣ ಅಂತಿದ್ದೀವಿ, ಹೆಂಗೆ?" ನಾನು ತಿರುಗಿ ಕೇಳುವುದು, "ತಿಂಗಳಿಗೆ ಎಷ್ಟು ಯೂನಿಟ್ ಓಡುತ್ತೆ?" ಅಲ್ಲಿಗೆ ಮಾತು ನಿಲ್ಲುತ್ತದೆ. ಎಷ್ಟು ರೂಪಾಯಿ ಬಂತು ಅಂತ ಎಲ್ಲರಿಗೂ ಗೊತ್ತು. ಯೂನಿಟ್ ಯಾರೂ ನೋಡಿರುವುದಿಲ್ಲ.

ಯೂನಿಟ್ ಅಂದರೆ 1000 ವ್ಯಾಟ್ ಒಂದು ಗಂಟೆ ಉರಿದ ಲೆಕ್ಕ. 2000 ವ್ಯಾಟಿನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ನುಂಗುತ್ತದೆ. 10 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಅದೇ ಒಂದು ಯೂನಿಟ್ ಮುಗಿಸಲು 100 ಗಂಟೆ ಬೇಕು. ವ್ಯಾಟ್ ಎಷ್ಟು, ಎಷ್ಟು ಹೊತ್ತು ಓಡುತ್ತೆ, ಇವೆರಡನ್ನು ಗುಣಿಸಲು ಬಂದರೆ ಸಾಕು. ನನ್ನಂಥವನನ್ನು ಕರೆಯುವ ಅರ್ಧ ಕೆಲಸ ತಪ್ಪಿತು.

ನಮ್ಮ ಬಡಾವಣೆಯಲ್ಲಿ ರಿಟೈರ್ ಆದ ಟೀಚರೊಬ್ಬರಿದ್ದಾರೆ. ಗೃಹಜ್ಯೋತಿ ಬಂದದ್ದು 2023ರಲ್ಲಿ. ಮೊದಮೊದಲು ಅವರಿಗೆ ಸೊನ್ನೆ ಬಿಲ್ ಬರುತ್ತಿತ್ತು. ಆಮೇಲೆ ಒಂದು ತಿಂಗಳು 214 ಯೂನಿಟ್ ಬಂತು, ಮುಂದಿನ ತಿಂಗಳು 209. ಯೋಜನೆಯ ನಿಯಮ ನಿಮಗೂ ಗೊತ್ತಿರಬಹುದು. ನಿಮ್ಮ ಹಳೇ ಸರಾಸರಿ ನೋಡಿ ಒಂದು ಮಿತಿ ಹಾಕಿರುತ್ತಾರೆ. ಆ ಮಿತಿ ದಾಟಿ 200ರ ಒಳಗಿದ್ದರೆ ಜಾಸ್ತಿ ಆದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಮೊದಲ ಯೂನಿಟ್ಟಿಂದಲೇ ಪೂರ್ತಿ ಬಿಲ್. ಅಂದರೆ ಅವರ ಮನೆಯಲ್ಲಿ ಹದಿನೈದು ಯೂನಿಟ್ ಉಳಿದರೆ ಇಡೀ ಬಿಲ್ಲಿನ ಬಣ್ಣವೇ ಬೇರೆ.

"ಮೀಟರ್ ಕೆಟ್ಟಿದೆ ನೋಡಪ್ಪಾ" ಅಂತ ಕರೆದರು. "ರಾತ್ರಿ ಬರ್ತೀನಿ ಟೀಚರ್" ಅಂದೆ.

ಅವತ್ತು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ನೀವೂ ಮಾಡಬಹುದು. ಡಿಜಿಟಲ್ ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಪಕ್ಕದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಸಲ ಮಿಟುಕುತ್ತದೆ ಅಂತ ಅಚ್ಚಾಗಿರುತ್ತದೆ. ಅವರದ್ದು 3200. ಕೆಲವು ಮೀಟರಿನಲ್ಲಿ 1600 ಇರುತ್ತದೆ. 3200 ಇದ್ದರೆ, ನಿಮಿಷಕ್ಕೆ ಒಂದು ಮಿಟುಕಿಗೆ ಸುಮಾರು 19 ವ್ಯಾಟ್ ಅಂತ ಲೆಕ್ಕ. 1600 ಇದ್ದರೆ ಅದರ ಎರಡರಷ್ಟು. ಬೋರ್ಡ್ ಬಿಚ್ಚಬೇಡಿ, ಸೀಲ್ ಮುಟ್ಟಬೇಡಿ. ದೂರ ನಿಂತು ಕಣ್ಣಲ್ಲಿ ಎಣಿಸುವ ಕೆಲಸ ಅಷ್ಟೇ.

ಲೈಟು, ಫ್ಯಾನು ಎಲ್ಲ ಆರಿಸಿದೆವು. ಫ್ರಿಜ್ಜಿನ ಪ್ಲಗ್ ತೆಗೆದೆವು, ಅದು ಆಗಾಗ ತಾನೇ ಓಡಿ ಲೆಕ್ಕ ಕೆಡಿಸುತ್ತದೆ. "ಈಗ ಮನೇಲಿ ಏನೂ ಓಡ್ತಿಲ್ಲ ಅಲ್ವಾ ಟೀಚರ್?" ಅಂದೆ. "ಏನೂ ಇಲ್ಲ" ಅಂದರು. ಮೆಟ್ಟಿಲ ಮೇಲೆ ಟಾರ್ಚ್ ಹಿಡಿದು ಕೂತು ಐದು ನಿಮಿಷ ಎಣಿಸಿದೆವು. ಟೀಚರ್ ಅಲ್ಲವೇ, ಬೆರಳು ಮಡಚಿ ಮಡಚಿ ಅವರೇ ಎಣಿಸಿದರು. 25 ಸಲ. ಅಂದರೆ ನಿಮಿಷಕ್ಕೆ ಐದು. ಏನೂ ಓಡದ ಮನೆಯಲ್ಲಿ 94 ವ್ಯಾಟ್!

ಒಂದೊಂದಾಗಿ ತೆಗೆಯುತ್ತಾ ಹೋದೆವು. ಯುಪಿಎಸ್‌ನ ಪ್ಲಗ್ ತೆಗೆದಾಗ ಐದು ಹೋಗಿ ಎರಡಾಯಿತು. ಟಿವಿ, ಸೆಟ್ ಟಾಪ್ ಬಾಕ್ಸ್, ವೈಫೈ ಇದ್ದ ಬೋರ್ಡ್ ಆರಿಸಿದಾಗ ಮಿಟುಕುವುದೇ ನಿಂತಿತು. ಮೀಟರಿಗೆ ಏನೂ ಆಗಿರಲಿಲ್ಲ. (ಮೇನ್ ಸ್ವಿಚ್ ಆರಿಸಿದ ಮೇಲೂ ಮಿಟುಕುತ್ತಲೇ ಇದ್ದರೆ ಆಗ ದೂರು ಕೊಡಿ. ದೀಪ ಸುಮ್ನೆ ಹತ್ತಿಕೊಂಡೇ ನಿಂತಿದ್ದರೆ ಅದು ತೊಂದರೆ ಅಲ್ಲ.)

ಯುಪಿಎಸ್ ಬ್ಯಾಟರಿ ಮುಟ್ಟಿ ನೋಡಿದೆ. ಜ್ವರ ಬಂದ ಮಗುವಿನ ಹಣೆ ಹಾಗೆ ಬಿಸಿ. ಆರು ವರ್ಷ ಹಳೆಯದು, ಡಿಸ್ಟಿಲ್ಡ್ ವಾಟರ್ ಹಾಕಿ ಎಷ್ಟು ಕಾಲವಾಗಿತ್ತೋ, ಪ್ಲೇಟ್ ಮೇಲೆ ನೀರೇ ಇಲ್ಲ. ಸತ್ತ ಬ್ಯಾಟರಿ ಎಷ್ಟು ಕರೆಂಟ್ ಕೊಟ್ಟರೂ ತುಂಬುವುದಿಲ್ಲ. ಯುಪಿಎಸ್ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಮೂರು ಮಿಟುಕು ಅಂದರೆ 56 ವ್ಯಾಟ್. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ. 40 ಯೂನಿಟ್ ಆಯಿತು! ಬ್ಯಾಟರಿ ಬದಲಾಯಿಸಿದರು. ಮುಂದಿನ ಬಿಲ್ 171 ಯೂನಿಟ್.

"ಮೊಬೈಲ್ ಚಾರ್ಜರ್ ಪ್ಲಗ್ಗಲ್ಲೇ ಬಿಟ್ಟರೆ?" ಎಲ್ಲರೂ ಕೇಳುತ್ತಾರೆ, ಮಕ್ಕಳಿಗೆ ಬೈಯುತ್ತಾರೆ ಕೂಡ. ಈಗಿನ ಚಾರ್ಜರ್ ಸುಮ್ಮನೆ ಇದ್ದರೆ ವರ್ಷಕ್ಕೆ ಮೂರ್ನಾಲ್ಕು ಯೂನಿಟ್ ತಿನ್ನುವುದೂ ಕಷ್ಟ. ಬೈಗುಳವನ್ನು ಸೆಟ್ ಟಾಪ್ ಬಾಕ್ಸಿಗೆ ಇಟ್ಟುಕೊಳ್ಳಿ. ರಿಮೋಟಿನಲ್ಲಿ ಆರಿಸಿದರೂ ಅದು ಒಳಗೊಳಗೇ ಎಚ್ಚರವಾಗಿರುತ್ತದೆ. ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ.

ಬಲ್ಬಿನ ಮಾತು ಮುಗಿದ ಮಾತು. 60 ವ್ಯಾಟಿನ ಬುರುಡೆ ಬಲ್ಬ್ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ ಎಲ್ಲರ ಮನೆಗೂ ಬಂದಿದೆ. ಈಗ ಉಳಿದಿರುವುದು ಫ್ಯಾನು. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಫ್ಯಾನ್, ಅಂದರೆ ಕಮ್ಮಿ ಕರೆಂಟಿನಲ್ಲಿ ಓಡುವ ಹೊಸ ಬಗೆಯ ಮೋಟಾರಿನದು, ಸುಮಾರು 30. ದಿನಕ್ಕೆ 15 ಗಂಟೆ ಓಡುವ ಹಾಲ್ ಫ್ಯಾನ್ ಒಂದನ್ನು ಬದಲಾಯಿಸಿದರೆ ತಿಂಗಳಿಗೆ 20 ಯೂನಿಟ್ ಉಳಿತಾಯ. ಆದರೆ ಮನೆಯ ಅಷ್ಟೂ ಫ್ಯಾನ್ ಒಟ್ಟಿಗೆ ಬದಲಾಯಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನೆಂಟರು ಬಂದಾಗ ಮಾತ್ರ ತಿರುಗುವ ಫ್ಯಾನಿಗೆ ಮೂರು ಸಾವಿರ ಯಾಕೆ? ಇನ್ನೊಂದು ವಿಷಯ. ಬಿಎಲ್‌ಡಿಸಿ ಫ್ಯಾನ್ ಹಾಕುವಾಗ ಗೋಡೆಯ ಹಳೇ ರೆಗ್ಯುಲೇಟರ್ ತಪ್ಪಿಸಿ ನೇರ ವೈರ್ ಕೊಡಬೇಕು, ಸ್ಪೀಡ್ ರಿಮೋಟಿನಲ್ಲೇ. ಹಾಗೇ ಜೋಡಿಸಿಬಿಟ್ಟು, ಗುಂಯ್ ಅನ್ನುತ್ತೆ ಅಂತ ಫ್ಯಾನ್ ವಾಪಸ್ ಕೊಟ್ಟವರನ್ನು ನೋಡಿದ್ದೇನೆ.

ಫ್ರಿಜ್ಜಿಗೆ ಒಂದು ಸುಲಭ ಪರೀಕ್ಷೆ. ಬಾಗಿಲ ಸಂದಿಗೆ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಜಾರಿಕೊಂಡು ಬಂದರೆ ರಬ್ಬರ್ ಹೋಗಿದೆ. ಎಷ್ಟೋ ಸಲ ರಬ್ಬರ್ ಹೋಗಿರುವುದಿಲ್ಲ, ಜಿಡ್ಡು ಹಿಡಿದಿರುತ್ತದೆ. ಉಗುರು ಬೆಚ್ಚಗಿನ ಸೋಪು ನೀರಲ್ಲಿ ಒರೆಸಿ ಮತ್ತೆ ನೋಟಿಟ್ಟು ನೋಡಿ. ಹಿಂದೆ ಗೋಡೆಗೆ ಅಂಟಿಸಿ ಇಡಬೇಡಿ, ಬಿಸಿ ಹೋಗಲು ಒಂದು ಗೇಣು ಜಾಗ ಬಿಡಿ.

ಮಿಕ್ಸಿ ಬಗ್ಗೆ ಚಿಂತೆ ಬಿಡಿ. 750 ವ್ಯಾಟ್ ಅಂತ ಬರೆದಿದ್ದರೂ ಹತ್ತು ನಿಮಿಷಕ್ಕೆ ಯೂನಿಟ್ಟಿನ ಎಂಟನೇ ಒಂದು ಭಾಗ ಅಷ್ಟೆ. ಮನೆಯಲ್ಲಿ ಕರೆಂಟ್ ತಿನ್ನುವುದು ಎರಡೇ ಜಾತಿ. ಒಂದು, ಬಿಸಿ ಮಾಡುವಂಥದ್ದು. ಇನ್ನೊಂದು, ದಿನವಿಡೀ ಓಡುವಂಥದ್ದು.

ಬಿಸಿ ಅಂದರೆ ನಮ್ಮಲ್ಲಿ ಸ್ನಾನದ ನೀರು. ಒಂದು ಬಕೆಟ್ ನೀರನ್ನು ಹದಕ್ಕೆ ಕಾಯಿಸಲು ಅರ್ಧ ಯೂನಿಟ್ಟಿಗೆ ಸ್ವಲ್ಪ ಕಮ್ಮಿ ಬೇಕು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 50 ಯೂನಿಟ್ ಬರೀ ಸ್ನಾನಕ್ಕೆ! ಗೀಸರ್ ಆನ್ ಮಾಡಿ ವಾಕಿಂಗ್ ಹೋಗಿ ಬರುವವರ ಲೆಕ್ಕ ಬೇರೆ. ಅದಕ್ಕೇ ಯಾರಾದರೂ ಸೋಲಾರ್ ಅಂದಾಗ ನಾನು ಮೊದಲು ಕೇಳುತ್ತೇನೆ, "ನೀರು ಕಾಯಿಸೋ ಸೋಲಾರಾ, ಕರೆಂಟ್ ಸೋಲಾರಾ?" ಎರಡೂ ಬೇರೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ನನ್ನ ಓಟು ನೀರಿನ ಸೋಲಾರಿಗೆ. ಮೂರು ನಾಲ್ಕು ಜನಕ್ಕೆ 100 ಲೀಟರ್ ಸಾಕು.

ಹಾಕಿಸಿದವರು ಹೇಳುವ ದೂರು ಒಂದೇ. "ಮೊದಲು ತಣ್ಣೀರೇ ಬರುತ್ತೆ." ಬರಲೇಬೇಕು, ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಅದು. ಅದನ್ನು ಮೋರಿಗೆ ಬಿಡದೆ ಒಂದು ಬಕೆಟ್ಟಿಗೆ ಹಿಡಿದು ಪಾತ್ರೆಗೋ ಗಿಡಕ್ಕೋ ಹಾಕಿ. ಹೊಸದಾಗಿ ಹಾಕಿಸುವವರು ಟ್ಯಾಂಕನ್ನು ಬಚ್ಚಲಿಗೆ ಹತ್ತಿರ ಇಡಿಸಿ, ಪೈಪಿಗೆ ಹೊದಿಕೆ ಸುತ್ತಿಸಿ. ಬಿಸಿನೀರು ಎಷ್ಟು ತೆಗೆಯುತ್ತೀರೋ ಅಷ್ಟು ತಣ್ಣೀರು ಆ ಕ್ಷಣವೇ ಟ್ಯಾಂಕಿಗೆ ಸೇರುತ್ತದೆ. ಸಂಜೆ ಬಟ್ಟೆಗೆ, ಪಾತ್ರೆಗೆ ಅಂತ ಬಿಸಿನೀರು ಬಳಸಿದರೆ ಬೆಳಗಿನ ಸ್ನಾನಕ್ಕೆ ಉಗುರು ಬೆಚ್ಚಗಿನದೇ ಗತಿ. ಆ ಕೆಲಸ ಬೆಳಗ್ಗೆ ಸ್ನಾನ ಆದಮೇಲೆ ಮುಗಿಸಿ, ಮತ್ತೆ ಕಾಯಿಸಲು ಇಡೀ ದಿನದ ಬಿಸಿಲಿದೆ.

ಮೋಡದ ದಿನಕ್ಕೆ ಅಂತ ಟ್ಯಾಂಕಿನೊಳಗೆ ಒಂದು ಕಾಯಿಲ್ ಹಾಕಿರುತ್ತಾರೆ. ಅದರ ಸ್ವಿಚ್ ಬಗ್ಗೆ ಹುಷಾರು. 200 ಲೀಟರ್ ಟ್ಯಾಂಕ್ ಪೂರ್ತಿ ಕಾಯಲು ಹತ್ತಿರ ಹತ್ತಿರ 8 ಯೂನಿಟ್ ಬೇಕು. ಎರಡು ಬಕೆಟ್ ನೀರಿಗೆ ಕೆರೆ ಕಾಯಿಸಿದ ಹಾಗೆ. ಜುಲೈ ಆಗಸ್ಟಿನಲ್ಲಿ ಒಲೆಯ ಮೇಲೆ ಪಾತ್ರೆ ಇಡುವುದೇ ವಾಸಿ.

ಇನ್ನು ಕರೆಂಟ್ ಸೋಲಾರ್. ಸೊನ್ನೆ ಬಿಲ್ ಬರುವ ಮನೆಯವರು ದುಡ್ಡು ಉಳಿಸಲು ಇದನ್ನು ಹಾಕಿಸುವುದು ಲೆಕ್ಕಕ್ಕೆ ಬರುವುದಿಲ್ಲ, ಬಾಯಿ ಬಿಟ್ಟು ಹೇಳಿಬಿಡುತ್ತೇನೆ. ಇನ್ನೂರು ದಾಟಿ ಮುನ್ನೂರರತ್ತ ಹೋಗುವ ಮನೆಗೆ ಇದು ಸರಿ. ಒಂದು ಕಿಲೋವ್ಯಾಟ್, ಅಂದರೆ 1000 ವ್ಯಾಟಿನ ಪ್ಯಾನೆಲ್ಲಿಗೆ ಮಾಳಿಗೆ ಮೇಲೆ ಸುಮಾರು 100 ಚದರ ಅಡಿ ಜಾಗ ಬೇಕು. ಒಳ್ಳೇ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ, ಮಳೆಗಾಲದಲ್ಲಿ ಕಮ್ಮಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇಟ್ಟಿರುವ ಸಬ್ಸಿಡಿ 1 ಕಿಲೋವ್ಯಾಟಿಗೆ 30,000 ರೂಪಾಯಿ, 2ಕ್ಕೆ 60,000, 3 ಮತ್ತು ಅದಕ್ಕಿಂತ ದೊಡ್ಡದಕ್ಕೆ 78,000.

"ಕರೆಂಟ್ ಹೋದಾಗ ನಮ್ಮನೇಲಿ ಉರಿಯುತ್ತೆ ಅಲ್ವಾ?" ಇಲ್ಲ. ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರ್ ಆದರೆ ಲೈನಿನಲ್ಲಿ ಕರೆಂಟ್ ಹೋದ ತಕ್ಷಣ, ಪ್ಯಾನೆಲ್ ಕರೆಂಟನ್ನು ಮನೆಗೆ ಹೊಂದುವಂತೆ ಬದಲಿಸುವ ಇನ್ವರ್ಟರ್ ತಾನೇ ನಿಲ್ಲುತ್ತದೆ, ಎಷ್ಟೇ ಬಿಸಿಲಿರಲಿ. ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹರಿದರೆ ಅವನ ಕಥೆ ಏನು? ಇದನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದರೆ ಆಮೇಲೆ ಜಗಳ ಇರುವುದಿಲ್ಲ.

ಹಗಲು ತಯಾರಾಗಿ ಉಳಿದದ್ದು ಲೈನಿಗೆ ಹೋಗುತ್ತದೆ, ರಾತ್ರಿ ನಾವು ಲೈನಿನಿಂದ ತೆಗೆದುಕೊಳ್ಳುತ್ತೇವೆ. ಎರಡನ್ನೂ ನೆಟ್ ಮೀಟರ್ ಬರೆದಿಡುತ್ತದೆ. ಸೋಲಾರ್ ಇಲ್ಲದವರೂ ಹಗಲನ್ನು ಬಳಸಿಕೊಳ್ಳಬಹುದು. ನಮ್ಮ ಜಿಲ್ಲೆಯ ಪಾವಗಡದಲ್ಲೇ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಸಂಜೆಯಾದರೆ ಅದು ಮಲಗುತ್ತದೆ. ಆಮೇಲೆ ಶರಾವತಿ ನೀರು, ರಾಯಚೂರಿನ ಕಲ್ಲಿದ್ದಲು ಭಾರ ಹೊರಬೇಕು. ಸಂಪಿನ ಮೋಟಾರು, ವಾಷಿಂಗ್ ಮೆಷಿನ್ನು, ಇಡ್ಲಿ ಹಿಟ್ಟಿನ ಗ್ರೈಂಡರು ಮಧ್ಯಾಹ್ನವೇ ಓಡಲಿ. ಬಿಲ್ಲಿನಲ್ಲಿ ವ್ಯತ್ಯಾಸ ಕಾಣದಿರಬಹುದು, ಸಂಜೆಯ ಭಾರ ಕಮ್ಮಿಯಾಗುತ್ತದೆ.

ಈಗ ನನ್ನದೇ ದಡ್ಡತನ. ನಮ್ಮ ಮನೆಯವಳ ಹೊಲಿಗೆ ಮೆಷಿನ್ನು, ಇಸ್ತ್ರಿ ಪೆಟ್ಟಿಗೆ ಸೇರಿ ನಾವು 200 ದಾಟಿ ಬಹಳ ದಿನ ಆಗಿತ್ತು. 2024ರ ಏಪ್ರಿಲ್ ಕೊನೆಯಲ್ಲಿ 2 ಕಿಲೋವ್ಯಾಟ್ ಹಾಕಿದೆ. ಜಾಗ ನಾನೇ ಗುರುತು ಮಾಡಿದ್ದು. ಮಾಳಿಗೆಯ ದಕ್ಷಿಣಕ್ಕೆ ನೀರಿನ ಟ್ಯಾಂಕ್, ಅದರ ಸ್ಟ್ಯಾಂಡ್ ಸೇರಿ ಹತ್ತು ಅಡಿ ಎತ್ತರ. ಅದರಿಂದ ನಾಲ್ಕು ಅಡಿ ಬಿಟ್ಟು ಉತ್ತರಕ್ಕೆ ಪ್ಯಾನೆಲ್ ನಿಲ್ಲಿಸಿದೆ. ಮಧ್ಯಾಹ್ನ ನೋಡಿದರೆ ಟ್ಯಾಂಕಿನ ನೆರಳು ಟ್ಯಾಂಕಿನ ಬುಡದಲ್ಲೇ. ಬೀಗಿದೆ. ದಿನಕ್ಕೆ 8 ಯೂನಿಟ್ ಬರುತ್ತಿತ್ತು. ಡಿಸೆಂಬರಿನಲ್ಲಿ ಆಕಾಶದಲ್ಲಿ ಒಂದು ಮೋಡ ಇಲ್ಲ, ಬರುತ್ತಿರುವುದು 5.

ಏಪ್ರಿಲ್ ಕೊನೆಯ ವಾರ ತುಮಕೂರಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರಿಗೆ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಹತ್ತು ಅಡಿ ಟ್ಯಾಂಕಿನ ನೆರಳು ನಡುಮಧ್ಯಾಹ್ನವೇ ಏಳೂವರೆ ಅಡಿ ಉತ್ತರಕ್ಕೆ ಚಾಚುತ್ತದೆ, ಬೆಳಗ್ಗೆ ಸಂಜೆ ಇನ್ನೂ ಉದ್ದ. ಪ್ಯಾನೆಲ್‌ಗಳನ್ನು ಒಂದೇ ವೈರಿನಲ್ಲಿ ಒಂದರ ಹಿಂದೆ ಒಂದು ಜೋಡಿಸಿರುತ್ತೇವೆ. ಉದ್ದದ ಪೈಪಿನ ಒಂದು ಕಡೆ ಕಾಲಿಟ್ಟರೆ ನೀರೆಲ್ಲ ಸಣ್ಣಗಾಗುತ್ತದಲ್ಲ, ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಇಡೀ ಸಾಲಿಗೆ ಏಟು. ಅದಕ್ಕೇ ಯಾರಾದರೂ ಬೇಸಿಗೆಯಲ್ಲಿ ಜಾಗ ನೋಡಲು ಬಂದರೆ "ಡಿಸೆಂಬರ್ ನೆರಳು ಎಲ್ಲಿಗೆ ಬರುತ್ತೆ?" ಅಂತ ಕೇಳಿ. ದಕ್ಷಿಣಕ್ಕೆ ತೆಂಗಿನ ಮರ ಇದ್ದರಂತೂ ಎರಡು ಸಲ ಕೇಳಿ.

ಪ್ಯಾನೆಲ್ ಕಿತ್ತು ಪಶ್ಚಿಮಕ್ಕೆ ಹಾಕಬೇಕಾಯಿತು. ಅದು ಸಂಡಿಗೆ ಹಾಕುವ ಜಾಗ. "ನಂದೂ ಸೋಲಾರೇ ರೀ, ಸಬ್ಸಿಡಿ ಇಲ್ಲ ಅಷ್ಟೇ" ಅಂದಳು ನಮ್ಮ ಮನೆಯವಳು. ಈಗ ಹಳೇ ಪ್ಯಾನೆಲ್ ಜಾಗ ಅವಳದ್ದು. ಸಂಡಿಗೆ ಬೇಸಿಗೆಯದ್ದಲ್ಲವೇ, ಆಗ ಅಲ್ಲಿ ನೆರಳೇ ಇರುವುದಿಲ್ಲ.

ತೊಳೆಯುವ ಕೆಲಸ ನನ್ನದು. ಬೆಳಗ್ಗೆ ಏಳರೊಳಗೆ, ಗಾಜು ತಣ್ಣಗಿರುವಾಗ, ಮೆತ್ತನೆ ಬಟ್ಟೆ, ಬರೀ ನೀರು. ಕಾದ ಗಾಜಿಗೆ ತಣ್ಣೀರು ಎರಚಬಾರದು, ಮೇಲೆ ಕಾಲಿಡಬಾರದು. ನಮ್ಮ ಬೋರ್ ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಹಾಗಾಗಿ ಮಳೆ ನೀರಿನ ಡ್ರಮ್ಮಿನಿಂದ ಎರಡು ಬಕೆಟ್ ಎತ್ತಿಟ್ಟಿರುತ್ತೇನೆ.