ದೆಹಲಿಗೆ ಹೊರಟಿರಾ? ಮೊದಲು ಮೆಟ್ರೊ ನಿಲ್ದಾಣ ಹುಡುಕಿ, ಆಮೇಲೆ ಕೋಣೆ

ದೆಹಲಿಯಲ್ಲಿ ಕೆಲವು ವರ್ಷ ನೌಕರಿ ಮಾಡಿ ಬಂದ ತಪ್ಪಿಗೆ, ದಸರಾ ರಜೆ ಹತ್ತಿರವಾದಂತೆ ನನಗೆ ಬರುವ ಫೋನ್ ಕರೆಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆಯವು: ‘ನಾವು ಐದು ಜನ, ಅಮ್ಮನಿಗೆ ಮಂಡಿನೋವು. ದುಬಾರಿಯಲ್ಲದ ಒಂದು ಒಳ್ಳೆಯ ಲಾಡ್ಜ್ ಹೇಳಿ.’ ನಾನು ಲಾಡ್ಜಿನ ಹೆಸರು ಹೇಳುವುದಿಲ್ಲ. ಯಾವ ರೈಲಿಗೆ ಬರುತ್ತೀರಿ ಎಂದು ಕೇಳುತ್ತೇನೆ. ಇವನಿಗೆ ಹೇಳುವ ಮನಸ್ಸಿಲ್ಲ ಎಂದುಕೊಂಡು ಕೆಲವರು ಮುನಿಸಿಕೊಂಡದ್ದೂ ಉಂಟು.

ಇಳಿಯುವ ಜಾಗ, ಮೆಟ್ರೊ ದಾರಿ ನೋಡಿಯೇ ಕೋಣೆ ಹುಡುಕಬೇಕೆಂದು ಕಲಿಸಿದ್ದು ನನ್ನದೇ ಪೆದ್ದುತನ. ಅಪ್ಪ ಅಮ್ಮನನ್ನು ಮೊದಲ ಸಲ ದೆಹಲಿಗೆ ಕರೆಸಿಕೊಂಡಾಗ ನನ್ನದು ಒಂದೇ ಮಂಚದ ಕೋಣೆ. ಅವರಿಗಾಗಿ ಒಂದು ಅತಿಥಿಗೃಹ ಕಾಯ್ದಿರಿಸಿದೆ. ‘ಮೆಟ್ರೊದಿಂದ ಐದು ನಿಮಿಷ’ ಎಂದು ಬರೆದಿದ್ದರು. ಐದು ನಿಮಿಷ ಸುಳ್ಳಲ್ಲ, ನಡುವೆ ಆರು ಪಥದ ಹೆದ್ದಾರಿ ಇಲ್ಲದಿದ್ದರೆ. ಅದನ್ನು ದಾಟಲು ಇದ್ದದ್ದು ಅರವತ್ತು ಚಿಲ್ಲರೆ ಮೆಟ್ಟಿಲುಗಳ ಮೇಲ್ಸೇತುವೆ. ಅಮ್ಮ ಎರಡನೆಯ ದಿನವೇ, ‘ಕೆಂಪುಕೋಟೆ ಟಿ.ವಿ.ಯಲ್ಲಿ ನೋಡಿದ್ದೇನೆ, ನೀವು ಹೋಗಿಬನ್ನಿ’ ಎಂದು ಕೋಣೆಯಲ್ಲೇ ಉಳಿದರು.

ಲೆಕ್ಕ ಹಾಕುವ ಬಗೆ

ಕೋಣೆಯ ಬಾಡಿಗೆಯೊಂದೇ ಖರ್ಚಲ್ಲ. ದೆಹಲಿಯ ಆಟೊದಲ್ಲಿ ಮೂವರಿಗಷ್ಟೇ ಅನುಮತಿ, ಐದು ಜನರೆಂದರೆ ಎರಡು ಆಟೊ. ಅಗ್ಗದ ಕೋಣೆ ನಿಲ್ದಾಣದಿಂದ ಎರಡು ಕಿ.ಮೀ. ದೂರ ಇದೆ, ಆಟೊಗೆ ಐವತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಹೋಗಿ ಸಂಜೆ ಬಂದರೆ 200 ರೂ. ಮಧ್ಯಾಹ್ನ ಮಕ್ಕಳನ್ನೂ ಹಿರಿಯರನ್ನೂ ಮಲಗಿಸಲು ಒಮ್ಮೆ ಬಂದುಹೋದರೆ 400. ನಾಲ್ಕು ದಿನಕ್ಕೆ 1,600. ನಿಲ್ದಾಣದ ಪಕ್ಕದ ಕೋಣೆ ದಿನಕ್ಕೆ 300 ರೂಪಾಯಿ ಹೆಚ್ಚು ಕೇಳಿದರೂ ಅದೇ ಅಗ್ಗ. ಜೊತೆಗೆ, ಮಧ್ಯಾಹ್ನ ಒಂದು ಗಂಟೆ ಕಾಲು ಚಾಚಿ ಮಲಗಿದ ಕುಟುಂಬ ಸಂಜೆ ಜಗಳವಾಡುವುದಿಲ್ಲ.

ಮೆಟ್ರೊ ದರ 2025ರ ಆಗಸ್ಟ್‌ನಲ್ಲಿ ಏರಿದೆ. ಈಗ ಕನಿಷ್ಠ 11 ರೂ., ಗರಿಷ್ಠ 64 ರೂ. (ವಿಮಾನ ನಿಲ್ದಾಣದ ಎಕ್ಸ್‌ಪ್ರೆಸ್ ಮಾರ್ಗದ ದರ ಬೇರೆ). ಐದರಿಂದ ಹನ್ನೆರಡು ಕಿ.ಮೀ. ದೂರಕ್ಕೆ ತಲೆಗೆ 32 ರೂ. ಮೂರಡಿಗಿಂತ, ಅಂದರೆ 90 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಬೇಡ. ಸ್ಮಾರ್ಟ್ ಕಾರ್ಡ್‌ಗೆ ಶೇ 10ರಷ್ಟು ರಿಯಾಯಿತಿ ಇದೆ, ಆದರೆ ಒಂದೇ ಕಾರ್ಡ್ ಉಜ್ಜಿ ಐವರೂ ಒಳಗೆ ಹೋಗಲಾಗದು. ತಲೆಗೊಂದು ಬೇಕು.

ಹೆಜ್ಜೆ 1: ಎಲ್ಲಿ ಇಳಿಯುತ್ತೀರಿ?

ಕರ್ನಾಟಕ ಎಕ್ಸ್‌ಪ್ರೆಸ್ ನವದೆಹಲಿ ನಿಲ್ದಾಣಕ್ಕೆ ಬರುತ್ತದೆ. ಬೆಂಗಳೂರಿನ ರಾಜಧಾನಿ ಎಕ್ಸ್‌ಪ್ರೆಸ್ ಮತ್ತು ಬೆಳಗಾವಿ ಹಾದು ಬರುವ ಗೋವಾ ಎಕ್ಸ್‌ಪ್ರೆಸ್ ನಿಲ್ಲುವುದು ಹಜರತ್ ನಿಜಾಮುದ್ದೀನ್‌ನಲ್ಲಿ. ಎರಡೂ ಬೇರೆ ಬೇರೆ ದಿಕ್ಕು.

ನವದೆಹಲಿ ನಿಲ್ದಾಣಕ್ಕೆ ಎರಡು ಮುಖ. ಒಂದನೇ ಪ್ಲಾಟ್‌ಫಾರ್ಮ್ ಕಡೆ ಪಹಾಡ್‌ಗಂಜ್, ಹದಿನಾರನೆಯದರ ಕಡೆ ಅಜ್ಮೇರಿ ಗೇಟ್. ಮೆಟ್ರೊ ಇರುವುದು ಅಜ್ಮೇರಿ ಗೇಟ್ ಕಡೆ. ಹಳದಿ ಮಾರ್ಗ, ವಿಮಾನ ನಿಲ್ದಾಣದ ಮಾರ್ಗ ಎರಡೂ ಅಲ್ಲಿವೆ. ಸಾಮಾನು ಹೊತ್ತು ತಪ್ಪು ಕಡೆ ಇಳಿದರೆ ಮೇಲ್ಸೇತುವೆ ಹತ್ತಿ ಇಡೀ ನಿಲ್ದಾಣ ದಾಟಬೇಕು. ನಿಜಾಮುದ್ದೀನ್‌ನಲ್ಲಿ ಇಳಿದವರು ಸರಾಯ್ ಕಾಲೇ ಖಾನ್ ಕಡೆಯ ಬಾಗಿಲಿನಿಂದ ಹೊರಬರಬೇಕು, ಗುಲಾಬಿ ಮಾರ್ಗದ ಮೆಟ್ರೊ ಆ ಕಡೆಗಿದೆ.

ವಿಮಾನದಲ್ಲಿ ಬರುವವರು ಟಿಕೆಟ್‌ನಲ್ಲಿ ಟರ್ಮಿನಲ್ ಸಂಖ್ಯೆ ನೋಡಿಕೊಳ್ಳಿ. ಮೂರನೇ ಟರ್ಮಿನಲ್‌ನಿಂದ ಎಕ್ಸ್‌ಪ್ರೆಸ್ ಮಾರ್ಗದಲ್ಲಿ ನವದೆಹಲಿ ನಿಲ್ದಾಣಕ್ಕೆ ಸುಮಾರು 20 ನಿಮಿಷ. ಒಂದನೇ ಟರ್ಮಿನಲ್ ಇರುವುದು ಮೆಜೆಂಟಾ ಮಾರ್ಗದಲ್ಲಿ.

ಹೆಜ್ಜೆ 2: ನೋಡುವ ಜಾಗಗಳಿಗೆ ಬಣ್ಣ ಹಚ್ಚಿ

ಒಂದು ಹಾಳೆಯಲ್ಲಿ ನೋಡಬೇಕೆಂದಿರುವ ಜಾಗಗಳನ್ನು ಬರೆದು, ಎದುರಿಗೆ ನಿಲ್ದಾಣ ಮತ್ತು ಮಾರ್ಗದ ಬಣ್ಣ ಬರೆಯಿರಿ. ಕೆಂಪುಕೋಟೆಗೆ ಲಾಲ್ ಕಿಲಾ, ಜಾಮಾ ಮಸೀದಿಗೆ ಅದೇ ಹೆಸರಿನ ನಿಲ್ದಾಣ, ಕಮಲ ಮಂದಿರಕ್ಕೆ ಕಾಲ್ಕಾಜಿ ಮಂದಿರ್, ಇಂಡಿಯಾ ಗೇಟ್ ಕಡೆಗೆ ಖಾನ್ ಮಾರ್ಕೆಟ್: ಇವೆಲ್ಲ ನೇರಳೆ. ಚಾಂದನಿ ಚೌಕ, ಕುತುಬ್ ಮಿನಾರ್ ಹಳದಿ. ಅಕ್ಷರಧಾಮ ನೀಲಿ. ಬರೆದು ಮುಗಿಸಿದರೆ ನಿಮ್ಮ ಪಟ್ಟಿಯಲ್ಲಿ ಯಾವ ಬಣ್ಣ ಹೆಚ್ಚಿದೆ ಎಂಬುದು ಕಾಣುತ್ತದೆ. ಆ ಮಾರ್ಗದಲ್ಲೇ ಕೋಣೆ ಹುಡುಕಿ.

ನಕ್ಷೆಯಲ್ಲಿ ಎರಡು ಮಾರ್ಗಗಳು ಸೇರುವ ಚುಕ್ಕೆ ಕಂಡರೆ ಅಲ್ಲಿ ಇಳಿದು ಪಕ್ಕದ ರೈಲು ಹತ್ತುವುದು ಸುಲಭ ಎನಿಸುತ್ತದೆ. ಧೌಲಾ ಕುವಾಂ ಮತ್ತು ದುರ್ಗಾಬಾಯಿ ದೇಶಮುಖ್ ಸೌತ್ ಕ್ಯಾಂಪಸ್ ನಡುವಿನ ಚುಕ್ಕೆಯ ಒಳಗೆ ಒಂದು ಕಿ.ಮೀ.ಗೂ ಉದ್ದದ ಕಾಲುಸೇತುವೆ ಅಡಗಿದೆ! ಚಲಿಸುವ ಪಟ್ಟಿಗಳಿವೆ, ನಿಜ. ಆದರೂ ಸೂಟ್‌ಕೇಸ್ ಮತ್ತು ನಿದ್ದೆಗಣ್ಣಿನ ಮಗುವಿನೊಂದಿಗೆ ಅದು ದೊಡ್ಡ ನಡಿಗೆಯೇ.

ಹೆಜ್ಜೆ 3: ಬಡಾವಣೆ ಆರಿಸಿ

ಪಹಾಡ್‌ಗಂಜ್ ಎಲ್ಲರಿಗೂ ಗೊತ್ತಿರುವ ಹೆಸರು. ಒಂದು ಕಡೆ ರೈಲು ನಿಲ್ದಾಣ, ಇನ್ನೊಂದು ತುದಿಗೆ ನೀಲಿ ಮಾರ್ಗದ ರಾಮಕೃಷ್ಣ ಆಶ್ರಮ ಮಾರ್ಗ ನಿಲ್ದಾಣ. ಅಲ್ಲಿಂದ ನೀಲಿ, ಹಳದಿ ಮಾರ್ಗಗಳು ಸೇರುವ ರಾಜೀವ್ ಚೌಕ್ ಒಂದೇ ನಿಲುಗಡೆ. ಅಗ್ಗ, ನಿಜ. ಆದರೆ ಮೇನ್ ಬಜಾರಿನ ಗದ್ದಲ, ಕಿಷ್ಕಿಂಧೆಯಂತಹ ಗಲ್ಲಿಗಳು, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಒಂದು ರಾತ್ರಿ ಕಳೆದು ಬೆಳಿಗ್ಗೆ ಆರಕ್ಕೆ ಆಗ್ರಾ ಕಡೆಯ ಶತಾಬ್ದಿ ಹಿಡಿಯುವವರಿಗೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ. ಅಷ್ಟು ಹೊತ್ತಿಗೆ ಮೆಟ್ರೊ ನೆಚ್ಚಿಕೊಂಡು ದೂರದಿಂದ ಬರುವುದು ಆಗದ ಮಾತು. ನಾಲ್ಕು ರಾತ್ರಿ ವಯಸ್ಸಾದವರೊಂದಿಗೆ ಇರಲು ನಾನಂತೂ ಹೇಳುವುದಿಲ್ಲ.

ಕರೋಲ್‌ಬಾಗ್ ಅದಕ್ಕಿಂತ ಅಗಲ, ಸ್ವಲ್ಪ ದುಬಾರಿ. ರಾಜೀವ್ ಚೌಕ್‌ಗೆ ಮೂರು ನಿಲುಗಡೆ. ದಕ್ಷಿಣ ಭಾರತೀಯರು ಬಹಳ ಹಿಂದಿನಿಂದ ನೆಲೆಸಿದ ಜಾಗವಾದ್ದರಿಂದ ಇಡ್ಲಿ, ಮೊಸರನ್ನಕ್ಕೆ ಅಲೆಯಬೇಕಿಲ್ಲ. ಇಲ್ಲಿ ಒಂದು ಕಹಿ ನೆನಪನ್ನೂ ಹೇಳಬೇಕು. 2019ರ ಫೆಬ್ರುವರಿ 12ರ ಬೆಳಗಿನ ಜಾವ ಇಲ್ಲಿನ ಒಂದು ಹೋಟೆಲಿಗೆ ಬೆಂಕಿ ಬಿದ್ದು 17 ಜನ ತೀರಿಕೊಂಡರು. ಕೇರಳದಿಂದ ಮದುವೆಗೆಂದು ಬಂದಿದ್ದ ಕುಟುಂಬದವರೂ ಅವರಲ್ಲಿದ್ದರು. ಕೋಣೆ ಎಷ್ಟೇ ಚೆನ್ನಾಗಿರಲಿ, ಕೆಳಗಿಳಿಯಲು ಎರಡನೆಯ ಮೆಟ್ಟಿಲು ಇದೆಯೇ, ಅದರ ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ನಾನು ನೋಡುವುದು ಅಂದಿನಿಂದ.

ರಾಜಧಾನಿ ರೈಲಿನಲ್ಲಿ ಬರುವ ಕುಟುಂಬಕ್ಕೆ ನನ್ನ ಮೊದಲ ಆಯ್ಕೆ ಲಜಪತ್ ನಗರ. ಸರಾಯ್ ಕಾಲೇ ಖಾನ್‌ನಿಂದ ಗುಲಾಬಿ ಮಾರ್ಗದಲ್ಲಿ ಮೂರನೆಯ ನಿಲುಗಡೆ. ಅಲ್ಲೇ ನೇರಳೆ ಮಾರ್ಗ ಸಿಗುತ್ತದೆ, ಮೇಲಿನ ಪಟ್ಟಿಯ ಅರ್ಧ ಜಾಗಗಳಿಗೆ ಮಾರ್ಗ ಬದಲಿಸದೆ ಹೋಗಬಹುದು. ಮನೆಗಳ ನಡುವೆ ಅತಿಥಿಗೃಹಗಳಿವೆ, ಹಾಲಿನ ಬೂತು, ಔಷಧಿ ಅಂಗಡಿ, ತರಕಾರಿ ಗಾಡಿ ಎಲ್ಲ ಕೈಗೆಟಕುತ್ತವೆ. ಸೆಂಟ್ರಲ್ ಮಾರ್ಕೆಟ್ ಹತ್ತಿರವೇ ಇರುವುದು ಪರ್ಸಿಗೆ ಅಪಾಯ, ಅದು ಬೇರೆ ಮಾತು.

ಯಮುನೆಯ ಆಚೆ ಲಕ್ಷ್ಮೀ ನಗರ, ಪ್ರೀತ್ ವಿಹಾರ್ ಕಡೆ ನೀಲಿ ಮಾರ್ಗದ ಮಗ್ಗುಲಲ್ಲೂ ಕೋಣೆಗಳು ಸಿಗುತ್ತವೆ. ಮಹಿಪಾಲ್‌ಪುರದ ಬಗ್ಗೆ ಮಾತ್ರ ಎಚ್ಚರ. ‘ವಿಮಾನ ನಿಲ್ದಾಣದ ಬಳಿ’ ಎಂದು ಆ್ಯಪ್‌ಗಳಲ್ಲಿ ಸಾಲುಸಾಲು ಅಗ್ಗದ ಹೋಟೆಲುಗಳು ಕಾಣುತ್ತವೆ. ಬೆಳಗಿನ ಜಾವದ ವಿಮಾನ ಹಿಡಿಯಲು ಸರಿ. ಊರು ನೋಡಲು ಬಂದವರು ಅಲ್ಲಿ ಉಳಿದರೆ ದಿನವೂ ಹೆದ್ದಾರಿಯಲ್ಲಿ ಏರೋಸಿಟಿ ನಿಲ್ದಾಣದವರೆಗೆ ಆಟೊ ಹಿಡಿಯಬೇಕು.

ಹೆಜ್ಜೆ 4: ಗೇಟಿನಿಂದ ಅಳೆಯಿರಿ

ಮೊಬೈಲ್ ನಕ್ಷೆಯಲ್ಲಿ ನಿಲ್ದಾಣದ ಹೆಸರು ಹಾಕಬೇಡಿ, ಗೇಟ್ ಸಂಖ್ಯೆ ಹಾಕಿ. ಒಂದೇ ನಿಲ್ದಾಣದ ಎರಡು ಗೇಟುಗಳು ರಸ್ತೆಯ ಎರಡು ಬದಿ ಇರುತ್ತವೆ. ಕಾರಿನ ಚಿತ್ರ ಬಿಟ್ಟು ನಡೆಯುವ ಮನುಷ್ಯನ ಚಿತ್ರ ಒತ್ತಿ. ಹತ್ತು ನಿಮಿಷ ಎಂದು ತೋರಿಸಿದರೆ ಅಜ್ಜಿಗೆ ಹದಿನೆಂಟು ನಿಮಿಷ ಎಂದು ಓದಿಕೊಳ್ಳಿ. ಲಿಫ್ಟ್ ಎಲ್ಲ ಗೇಟುಗಳಲ್ಲೂ ಇರುವುದಿಲ್ಲ, ಯಾವುದರಲ್ಲಿದೆ ಎಂದು ಮೆಟ್ರೊ ಆ್ಯಪ್‌ನಲ್ಲಿ ನೋಡಿ. ಆಮೇಲೆ ನಕ್ಷೆಯ ಬೀದಿ ಚಿತ್ರ (ಸ್ಟ್ರೀಟ್ ವ್ಯೂ) ತೆರೆದು ಆ ದಾರಿಯಲ್ಲಿ ಕುಳಿತಲ್ಲೇ ಒಮ್ಮೆ ನಡೆದುಬನ್ನಿ. ನಡುವೆ ಮೇಲ್ಸೇತುವೆ ಕಂಡರೆ ನನ್ನ ಅಮ್ಮನನ್ನು ನೆನೆದು ಬೇರೆ ಕೋಣೆ ಹುಡುಕಿ.

ಹೆಜ್ಜೆ 5: ಫೋನ್ ಮಾಡಿ

ಆ್ಯಪ್‌ನಲ್ಲಿ ಹಣ ಕಟ್ಟುವ ಮೊದಲು ಹೋಟೆಲಿನವರೊಂದಿಗೆ ಮಾತಾಡಿ. ಅರೆಬರೆ ಹಿಂದಿ ಸಾಕು. ‘ಖಿಡ್ಕೀ ಬಾಹರ್ ಖುಲ್ತೀ ಹೈ?’ ಎಂಬುದು ನನ್ನ ಮೊದಲ ಪ್ರಶ್ನೆ, ಕಿಟಕಿ ಹೊರಗೆ ತೆರೆಯುತ್ತದೆಯೇ ಎಂದು. ಆ ಕಡೆಯವರು ಒಂದು ಕ್ಷಣ ತಡವರಿಸಿದರೆ ಉತ್ತರ ಸಿಕ್ಕಂತೆ. ಲಿಫ್ಟ್ ಇದೆಯೇ, ಇದ್ದರೆ ನೆಲಮಹಡಿಯಿಂದಲೇ ಇದೆಯೇ? ಬಿಸಿನೀರು ದಿನವಿಡೀ ಬರುತ್ತದೆಯೇ, ಬೆಳಿಗ್ಗೆ ಮಾತ್ರವೇ? ಡಿಸೆಂಬರ್, ಜನವರಿಯಲ್ಲಿ ಇದು ಸಣ್ಣ ವಿಷಯವಲ್ಲ. ಹೆಚ್ಚುವರಿ ಹಾಸಿಗೆ ಎಂದರೆ ಮಂಚವೇ, ನೆಲದ ಮೇಲಿನ ಗಾದಿಯೇ, ಅದಕ್ಕೆಷ್ಟು? ಐವರಿಗೆ ಎರಡು ಕೋಣೆ ಕೊಳ್ಳುವುದಕ್ಕಿಂತ ನಾಲ್ಕು ಹಾಸಿಗೆಯ ‘ಫ್ಯಾಮಿಲಿ ರೂಮ್’ ಕೇಳಿ. ಆ್ಯಪ್‌ನಲ್ಲಿ ಕಾಣದಿದ್ದರೂ ಹಲವು ಕಡೆ ಒಂದೆರಡು ಇರುತ್ತವೆ.

ಕೋಣೆ ಕೊಡುವ ಸಮಯವನ್ನು ಜನ ಕೇಳುವುದೇ ಇಲ್ಲ. ರಾಜಧಾನಿ ರೈಲು ತಲುಪುವುದು ಬೆಳಗಿನ ಜಾವ, ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ನಡುವಿನ ಆರು ತಾಸು? ‘ಚೌಬೀಸ್ ಘಂಟೇ ಕಾ ಚೆಕ್‌ಔಟ್’ ಇರುವ ಕಡೆ ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ, ಅಂಥದ್ದು ಸಿಕ್ಕರೆ ಬಿಡಬೇಡಿ. ಇಲ್ಲವಾದರೆ ರೈಲ್ವೆಯ ವಿಶ್ರಾಂತಿ ಕೊಠಡಿ ನೋಡಿ, ಟಿಕೆಟಿನ ಪಿಎನ್ಆರ್ ಸಂಖ್ಯೆ ಹಾಕಿ ಐಆರ್‌ಸಿಟಿಸಿಯಲ್ಲಿ ಮುಂಗಡ ಕಾಯ್ದಿರಿಸಬಹುದು.

ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ ಎಂದೂ ಕೇಳಿ. ದಿನಕ್ಕೆ 7,500 ರೂ.ವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಹಳೆಯ ಶೇ 12 ಎಂದು ಯಾರಾದರೂ ಬರೆದುಕೊಟ್ಟರೆ ಒಪ್ಪಬೇಡಿ.

ಹೋಟೆಲ್ ಅಲ್ಲದ ದಾರಿಗಳು

ಕರ್ನಾಟಕ ಭವನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಚಾಣಕ್ಯಪುರಿಯ ಕೌಟಿಲ್ಯ ಮಾರ್ಗದಲ್ಲಿರುವ ಭವನದ ‘ಕಾವೇರಿ’ ಹೊಸ ಕಟ್ಟಡ 2025ರಲ್ಲಿ ಉದ್ಘಾಟನೆಯಾಯಿತು. ಆದರೆ ಅಲ್ಲಿ ಮಂತ್ರಿಗಳು, ಶಾಸಕರು, ಅಧಿಕಾರಿಗಳಿಗೆ ಆದ್ಯತೆ. ಶಿಫಾರಸು ಪತ್ರ ಕೈಯಲ್ಲಿದ್ದರೂ ಕಡೆಯ ಗಳಿಗೆಯಲ್ಲಿ ಕೋಣೆ ತಪ್ಪಬಹುದು, ಅದನ್ನೇ ನಂಬಿ ರೈಲು ಹತ್ತಬೇಡಿ. ಚಾಣಕ್ಯಪುರಿಯ ಒಳರಸ್ತೆಗಳಿಂದ ಮೆಟ್ರೊ ಹತ್ತಿರವೂ ಇಲ್ಲ. ಅಂದಹಾಗೆ ಗುಲಾಬಿ ಮಾರ್ಗದಲ್ಲಿ ‘ಸರ್ ಎಂ. ವಿಶ್ವೇಶ್ವರಯ್ಯ ಮೋತಿಬಾಗ್’ ಎಂಬ ನಿಲ್ದಾಣವಿದೆ, ದೆಹಲಿ ಕರ್ನಾಟಕ ಸಂಘದ ಕಟ್ಟಡ ಅಲ್ಲಿಗೆ ಹತ್ತಿರ. ಆ ಹೆಸರನ್ನು ಕೇಳಿದಾಗ ರೈಲಿನಲ್ಲಿ ನಗುತ್ತಿರುವವರು ಕಂಡರೆ ಅವರು ನಮ್ಮವರೇ.

ಜೈಸಿಂಗ್ ರಸ್ತೆಯ ವೈಎಂಸಿಎ, ಬಂಗ್ಲಾ ಸಾಹಿಬ್ ಗುರುದ್ವಾರದ ಯಾತ್ರಿ ನಿವಾಸ ಎರಡೂ ಊರಿನ ನಡುಮಧ್ಯೆ ಇವೆ, ಪಟೇಲ್ ಚೌಕ್ ಮೆಟ್ರೊ ಹತ್ತಿರ. ಗುರುದ್ವಾರದಲ್ಲಿ ತಲೆ ಮುಚ್ಚಿಕೊಳ್ಳಬೇಕು, ಬೀಡಿ, ಸಿಗರೇಟು, ಮದ್ಯ ಸುಳಿಯುವಂತಿಲ್ಲ. ಹಳೆ ದೆಹಲಿಯಲ್ಲಿ ಧರ್ಮಶಾಲೆಗಳಿವೆ. ಇಂಥ ಕಡೆಗಳ ಹೆಸರಿನಲ್ಲಿ ನಕಲಿ ಜಾಲತಾಣ ತೆರೆದು ಮುಂಗಡ ನುಂಗುವವರಿದ್ದಾರೆ. ಹುಡುಕಾಟದಲ್ಲಿ ಮೊದಲು ಕಂಡ ಮೊಬೈಲ್ ಸಂಖ್ಯೆಗೆ ಹಣ ಕಳಿಸಬೇಡಿ.

ಅಡುಗೆಮನೆ ಬೇಕೆನ್ನುವವರಿಗೆ, ಅಂದರೆ ಮಗುವಿಗೆ ಕುಡಿಯಲು ಹಾಲು ಕಾಯಿಸಬೇಕು, ಅಪ್ಪನಿಗೆ ಉಪ್ಪಿಲ್ಲದ ಅನ್ನ ಬೇಕು ಎನ್ನುವವರಿಗೆ, ಸರ್ಕಾರದಲ್ಲಿ ನೋಂದಾಯಿತ ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಮನೆಗಳು ಸರಿಹೊಂದುತ್ತವೆ. ಅಡುಗೆಮನೆ ಬಳಸಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ತಲುಪಿದ ದಿನ

ನಿಲ್ದಾಣದ ಹೊರಗೆ, ಅದರಲ್ಲೂ ಪಹಾಡ್‌ಗಂಜ್ ಕಡೆ, ಯಾರಾದರೂ ಬಂದು ‘ಆ ಹೋಟೆಲ್ ಮುಚ್ಚಿದೆ’, ‘ಆ ರಸ್ತೆ ಬಂದ್ ಆಗಿದೆ’ ಎನ್ನುತ್ತಾರೆ. ಬೇರೆ ಹೋಟೆಲಿಗೆ ಎಳೆಯುವ ದಲ್ಲಾಳಿಗಳ ಹಳೆಯ ಪಾಠ ಇದು. ನಿಲ್ಲಬೇಡಿ, ಉತ್ತರಿಸಬೇಡಿ, ಹೋಟೆಲಿಗೆ ನೀವೇ ಫೋನ್ ಮಾಡಿ. ಮೆಟ್ರೊದಲ್ಲಿ ಒಬ್ಬರಿಗೆ 25 ಕೆ.ಜಿ.ವರೆಗೆ ಸಾಮಾನು ಒಯ್ಯಬಹುದು, ಚಪಾತಿ ಡಬ್ಬಿ, ಉಪ್ಪಿನಕಾಯಿ ಜಾಡಿ ಸೇರಿ ಎಲ್ಲವೂ ಯಂತ್ರದೊಳಗೆ ಹೋಗಿಬರಬೇಕು. ರೈಲು ಸಾಗುವ ದಿಕ್ಕಿನ ಮೊದಲ ಬೋಗಿ ಮಹಿಳೆಯರಿಗೆ ಮೀಸಲು. ಗಂಡಸರು ಬೇರೆ ಬೋಗಿ ಹತ್ತುವುದಾದರೆ ಎಲ್ಲಿ ಇಳಿಯುವುದೆಂದು ಮೊದಲೇ ಹೇಳಿಕೊಂಡಿರಿ.

ಹೋಟೆಲಿನಲ್ಲಿ ದೊಡ್ಡವರೆಲ್ಲರ ಗುರುತಿನ ಚೀಟಿ ಕೇಳುತ್ತಾರೆ. ಪ್ಯಾನ್ ಕಾರ್ಡ್ ನಡೆಯುವುದಿಲ್ಲ, ಅದರಲ್ಲಿ ವಿಳಾಸ ಇಲ್ಲ. ಚೀಟಿ ಕೊಡುವುದಕ್ಕೂ ಮುನ್ನ ಕೋಣೆ ನೋಡಿ. ನಲ್ಲಿ ತಿರುಗಿಸಿ, ಬಾಗಿಲ ಚಿಲಕ ಹಾಕಿ ತೆಗೆಯಿರಿ, ಎರಡನೆಯ ಮೆಟ್ಟಿಲು ಎಲ್ಲಿದೆ ಎಂದು ಮಕ್ಕಳಿಗೂ ತೋರಿಸಿ. ಕೊನೆಯ ಮೆಟ್ರೊ ರಾತ್ರಿ ಹನ್ನೊಂದರ ಸುಮಾರಿಗೆ ಹೊರಡುತ್ತದೆ, ನಿಮ್ಮ ನಿಲ್ದಾಣದ ಸಮಯ ಕೇಳಿಟ್ಟುಕೊಳ್ಳಿ.

ಹೋಟೆಲಿನ ವಿಳಾಸದ ಕಾರ್ಡ್ ಎರಡು ಕೇಳಿ ಪಡೆಯಿರಿ. ಅದರ ಹಿಂದೆ ನಿಲ್ದಾಣದ ಹೆಸರು, ಗೇಟ್ ಸಂಖ್ಯೆ, ನಿಮ್ಮ ಮೊಬೈಲ್ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಹಿಂದಿಯಲ್ಲೂ ಕನ್ನಡದಲ್ಲೂ ಬರೆದು, ಒಂದನ್ನು ಅಜ್ಜಿಯ ಸಂಚಿಗೆ, ಇನ್ನೊಂದನ್ನು ಮಗುವಿನ ಜೇಬಿಗೆ ಹಾಕಿ.